ಕಾಕಾನ ಗಾಡಿಯಲ್ಲಿ ಹೆಣ್ಣು ತೋರಿಸಲು ಹೋದದ್ದು

ಕೆಲವರ ಮನೆಯಲ್ಲಿ ಕೆಲಸ ಕೆಡಬೇಕಾದರೆ ಶನಿಯೇ ಬರಬೇಕಾಗುತ್ತದೆ. ನಮ್ಮ ಮನೆಗೆ ಅವನು ಬರುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಇವರು ತಾವೇ ಮಾಡಿಕೊಳ್ಳುತ್ತಾರೆ ಎಂಬ ಭರವಸೆ ಅವನಿಗಿದೆ. ಮದುವೆ, ಮುಂಜಿವೆ, ಮನೆ ಬದಲಿಸುವುದು, ಯಾವುದನ್ನು ಹಿಡಿದರೂ ಅಷ್ಟೇ. ಆದರೆ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾದ ಮೇಲಿನ ಆ ಒಂದು ಶ್ರಾವಣದಲ್ಲಿ ಆದಷ್ಟು ಫಜೀತಿ ಮತ್ತೆಂದೂ ಆಗಿಲ್ಲ.

ನನ್ನ ತಂಗಿಗೆ ಆಗಲೇ ಎರಡು ಸಂಬಂಧ ತಪ್ಪಿದ್ದವು. ಮೊದಲಿನ ಮನೆತನವನ್ನು ಅಜ್ಜಿ ಒಲ್ಲೆ ಎಂದಳು. ಎರಡನೆಯವರು ಅಜ್ಜಿಯನ್ನು ನೋಡಿ ತಾವೇ ಒಲ್ಲೆ ಎಂದರು. ಮೂರನೆಯ ವರ ದಹಾಣೂವಿನ ಆಚೆ, ಸಮುದ್ರದ ಬದಿಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ತರ. ವಿಜಾಪುರದ ಕಡೆಯ, ನಮ್ಮವರದೇ ಮನೆತನ. ಮಳೆಗಾಲದಲ್ಲಿ ಹುಡುಗನಿಗೆ ರಜೆ ಸಿಗುವುದಿಲ್ಲ. ಅವನ ತಂದೆ ಹೇಳಿ ಕಳಿಸಿದ್ದರು: "ಹುಡುಗಿನ್ನ ಕರಕೊಂಡು ನೀವೇ ಬರ್ರಿ. ಭಾನುವಾರದೊಳಗ ಬರ್ರಿ. ಇಲ್ಲಾಂದ್ರ ಸೋಮವಾರ ಮಲಾಡಿನ ಹೆಣ್ಣಿನವರಿಗೆ ಮಾತು ಕೊಡೋದದ."

ತಂಗಿಗೆ ಹುಡುಗನ ಫೋಟೋ ಹಿಡಿಸಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವ್ವ ಕೇಳಿದಾಗಲೆಲ್ಲ ಫೋಟೋ ಎಲ್ಲಿಟ್ಟೆನೋ ಮರೆತಿದೆ ಎನ್ನುತ್ತಿದ್ದಳು. ಇದೂ ತಪ್ಪಿದರೆ ಮುಂದೇನು ಎಂದು ಅಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ.

ಹೊರಟದ್ದು

ಬೇರೆಯವರಾಗಿದ್ದರೆ ನಾವಿದ್ದ ಘಾಟ್ಕೋಪರಿನಿಂದ ದಾದರಿಗೆ ಹೋಗಿ ಅಲ್ಲಿ ರೈಲು ಹತ್ತುತ್ತಿದ್ದರು. ಆದರೆ ಅಜ್ಜಿ ಹೂಂ ಎನ್ನದೆ ನಮ್ಮ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡದು, ಅಜ್ಜಿಯಾದರೋ ರೈಲು ಹತ್ತುವವಳಲ್ಲ. ಹತ್ತೂ ಮಂದಿ ಮೈಗೆ ಮೈ ತಾಗಿಸುವಲ್ಲಿ ಮಡಿ ಹೇಗೆ ಉಳಿದೀತು? "ನನ್ನ ಗಾಡಿ ಇರೂತನಕ ಯಾಕ ಚಿಂತಿ ಮಾಡ್ತೀರಿ?" ಎಂದ ಕಾಕಾ. ಚಿಂತೆ ಶುರುವಾದದ್ದೇ ಆಗ.

ಕಾಕಾ ಕುರ್ಲಾದ ಒಂದು ಗ್ಯಾರೇಜಿನಲ್ಲಿ ಫಿಟ್ಟರ್. ಅವನ ಗಾಡಿ ಎಂದರೆ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಆಂಬುಲೆನ್ಸು. ಒಳಗೆ ಮಲಗಲು ಹಲಗೆ, ಸ್ಟೋವಿಗೆ ಕಟ್ಟೆ, ನೀರಿಗೆ ಡ್ರಮ್ಮು, ದೇವರಿಗೊಂದು ಗೂಡು ಎಲ್ಲ ಮಾಡಿಸಿದ್ದ. ಎರಡೂ ಬದಿಯ ಕೆಂಪು ಕ್ರಾಸಿನ ಮೇಲೆ ಸುಣ್ಣ ಬಳಿದಿದ್ದ. "ಬಣ್ಣ ಹಚ್ಚಬಾರದೇನೋ?" ಎಂದು ಅಪ್ಪ ಕೇಳಿದರೆ, "ಅಣ್ಣಾ, ಇದು ಮನಿ. ಮನಿಗೆ ಯಾರರೆ ಬಣ್ಣಾ ಹಚ್ಚತಾರೇನು? ಸುಣ್ಣಾ ಹಚ್ಚತಾರ" ಎಂದ.

ಶುಕ್ರವಾರ ಬೆಳಿಗ್ಗೆ ಧೋ ಎಂದು ಮಳೆ. ನಾವಿದ್ದ ಸಾಲುಮನೆಗಳ ಚಾಳಿನ ಬಾಗಿಲಿಗೆ ಆಂಬುಲೆನ್ಸು ಬಂದು ನಿಂತಿತು. ಎಲ್ಲರೂ ತುಳಿಯುವ ಮೆಟ್ಟಿಲನ್ನು ಅಜ್ಜಿ ಮಡಿಯಲ್ಲಿ ತುಳಿಯುವಂತಿಲ್ಲ. ಆದ್ದರಿಂದ ಅಪ್ಪ, ನಾನು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಇಳಿದೆವು. ಅಜ್ಜಿ ಕಣ್ಣು ಮುಚ್ಚಿ ಸ್ತೋತ್ರ ಹೇಳಿಕೊಳ್ಳುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು. ಹಿಂದೆ ಅವ್ವ, ಮೂರನೆಯ ಸಂಬಂಧವೂ ಏನಾಗುವುದೋ ಎಂದು ಸೆರಗಿನಿಂದ ಕಣ್ಣೊರೆಸುತ್ತಾ ಬರುತ್ತಿದ್ದಳು.

ಚಾಳಿಗೆ ಚಾಳೇ ಗ್ಯಾಲರಿಗೆ ಬಂದು ಕೈಮುಗಿದು ನಿಂತಿತು. ಮೂವತ್ತು ವರ್ಷ ನೆರೆಯಲ್ಲಿದ್ದ ಮರಾಠಿ ಮುದುಕಿ ಗಂಗಾಜಲದ ಗಿಂಡಿಯನ್ನೂ ತುಳಸಿ ಎಲೆಯನ್ನೂ ಹಿಡಿದು ಅಳುತ್ತಾ ಓಡಿಬಂದಳು. ಅಜ್ಜಿಯ ಬಾಯಿಗೆ ಎರಡು ಹನಿ ಬಿಡಬೇಕು ಎನ್ನುವಷ್ಟರಲ್ಲಿ ಅಜ್ಜಿ ಒಂದೇ ಕಣ್ಣು ತೆರೆದು ನನಗೆ ಹೇಳಿದಳು: "ಈಕಿದು ಸ್ನಾನಾ ಆಗೇದೇನು, ಮೊದಲ ಕೇಳು."

ಪೇಷಂಟು

ಭಿವಂಡಿ ದಾಟುವಷ್ಟರಲ್ಲಿ ಸುಣ್ಣವೆಲ್ಲ ತೊಳೆದು ರಸ್ತೆ ಪಾಲಾಗಿತ್ತು. ಗಾಡಿಯೊಳಗೆ ಕೂತ ನಮಗೆ ಅದು ಗೊತ್ತಾಗುವ ಹಾಗಿರಲಿಲ್ಲ. ಎದುರು ಬರುವ ಎತ್ತಿನ ಗಾಡಿಗಳೆಲ್ಲ ಕೆಳಗಿಳಿದು ದಾರಿ ಬಿಡುತ್ತಿದ್ದವು. "ನೋಡ್ರಿ, ಸ್ವಂತ ಮೋಟಾರು ಅಂದ್ರ ಮರ್ಯಾದಿ ಹ್ಯಾಂಗಿರತದ" ಎಂದು ಕಾಕಾ ಹಿಗ್ಗುತ್ತಿದ್ದ.

ಮನೋರಿನ ಹತ್ತಿರ ನಾಲ್ಕೈದು ಜನ ಅಡ್ಡ ನಿಂತು ಗಾಡಿ ತಡೆದರು. ಮಾತಿಲ್ಲ ಕತೆಯಿಲ್ಲ, ಹಿಂದಿನ ಬಾಗಿಲು ತೆರೆದು, ನರಳುತ್ತಿದ್ದ ಒಬ್ಬ ಗಂಡಸನ್ನು ಹಲಗೆಯ ಮೇಲೆ ಮಲಗಿಸಿಯೇ ಬಿಟ್ಟರು. ಮರದಿಂದ ಬಿದ್ದು ಕಾಲು ಹೋಗಿದೆಯಂತೆ. ಇದು ಆಸ್ಪತ್ರೆಯ ಗಾಡಿಯಲ್ಲ, ಹೆಣ್ಣು ತೋರಿಸಲು ಹೊರಟ ಗಾಡಿ ಎಂದು ಅಪ್ಪ ತನಗೆ ಬರುವ ಅಷ್ಟೂ ಮರಾಠಿಯಲ್ಲಿ ಹೇಳಿದ. ಅವರು ಹೊರಗೆ ಕರೆದು ಕ್ರಾಸು ತೋರಿಸಿದರು. ಅಪ್ಪ ತಲೆಯ ಮೇಲೆ ಕೈಹೊತ್ತು ಬಂದು ಕೂತ.

ಪಾಪ ಎಂದು ಅವ್ವ ಅವನಿಗೆ ಚಹಾ ಮಾಡಿಕೊಟ್ಟಳು. ಒಂದೊಂದು ತಗ್ಗಿಗೂ ಅವನು ಕಿರುಚುತ್ತಿದ್ದ. ಅವನಿಗೆ ನೋವಾಗದಿರಲೆಂದು ಕಾಕಾ ಆಮೆಯಂತೆ ಗಾಡಿ ಬಿಟ್ಟ. ಭಾನುವಾರದೊಳಗೆ ಮುಟ್ಟುತ್ತೇವೆಂಬ ಆಸೆಯನ್ನು ನಾನು ಅಲ್ಲೇ ಬಿಟ್ಟೆ. ಎರಡು ಊರು ದಾಟಿದ ಮೇಲೆ ಅವನು ಎದ್ದು ಕೂತು, "ಇಲ್ಲೇ ನಿಲ್ಲಿಸಿ, ಇದು ನನ್ನ ಅತ್ತೆಯ ಮನೆ" ಎಂದ. ಇಳಿದು ನೆಟ್ಟಗೆ ನಾಲ್ಕು ಹೆಜ್ಜೆ ನಡೆದು ತಿರುಗಿ ಬಂದು ಕೇಳಿದ: "ನೀವು ವಾಪಸ್ ಹೋಗುವುದು ಯಾವತ್ತು? ಹೆಂಡತಿಯನ್ನೂ ಕರೆದುಕೊಂಡು ಹೋಗಬೇಕು."

ಸಮುದ್ರದ ಹವಾ

ಶನಿವಾರ ಗಾಡಿ ಸಮುದ್ರದ ದಂಡೆಗೆ ಇಳಿಯಿತು. ಬಲಕ್ಕೆ ತಾಳೆ ಮರ, ಎಡಕ್ಕೆ ಬೂದಿ ಬಣ್ಣದ ನೀರು, ಮೇಲೆ ಅದೇ ಮಳೆ. ಗಾಡಿಯ ಸೂರು ಐದು ಕಡೆ ಸೋರುತ್ತಿತ್ತು. ಪಾತ್ರೆಗಳೆಲ್ಲ ಸೋರುವಲ್ಲಿಗೆ ಹೋದದ್ದರಿಂದ ಅಡುಗೆಗೆ ಪಾತ್ರೆಯೇ ಉಳಿದಿರಲಿಲ್ಲ. "ಇಲ್ಲೇ ನಿಂದರಸೋಣು, ಹವಾ ಛಲೋ ಅದ" ಎಂದು ಕಾಕಾ ಗಾಡಿಯನ್ನು ಉಸುಕಿನ ಮೇಲೆ ಒಯ್ದು ನಿಲ್ಲಿಸಿದ. ನಮ್ಮೂರು ಧಾರವಾಡದಲ್ಲಿ ಕೆರೆ ಇದ್ದಲ್ಲೇ ಇರುತ್ತದೆ. ಭರತಿಯ ಹೊತ್ತಿಗೆ ಸಮುದ್ರ ಎದ್ದು ಬರುತ್ತದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಉಣ್ಣಲು ಕೂತಾಗ ಗಾಲಿ ಅರ್ಧ ಮುಳುಗಿತ್ತು. ಬಲೆ ದುರಸ್ತಿ ಮಾಡುತ್ತಿದ್ದ ಮೀನುಗಾರರು ಓಡಿಬಂದು ಹಗ್ಗ ಕಟ್ಟಿ ಎಳೆದರು. ದೇವರಂಥ ಜನ. ಅವರಲ್ಲೊಬ್ಬ ಹೆಂಗಸು ನಾವು ಹೊರಟ ಕಾರಣ ಕೇಳಿ ತಿಳಿದು, ಒಳಗೆ ಇಣುಕಿ ನಮ್ಮ ತಾಟು ನೋಡಿದಳು. ಬರೀ ಅನ್ನ, ಹೆಸರುಬೇಳೆ. ಚಾತುರ್ಮಾಸದ ಮೊದಲ ತಿಂಗಳು ಅಜ್ಜಿಗೆ ತರಕಾರಿ ವರ್ಜ್ಯ, ಅಜ್ಜಿಗೆ ವರ್ಜ್ಯವೆಂದರೆ ನಮಗೂ ವರ್ಜ್ಯ. ಆಕೆಗೆ ಅದು ಹೇಗೆ ತಿಳಿಯಬೇಕು? ಮಗಳನ್ನು ತೋರಿಸಲು ಹೊರಟಿದ್ದಾರೆ, ತಟ್ಟೆಯಲ್ಲಿ ಒಂದು ಕಾಯಿಪಲ್ಲೆಗೂ ಗತಿಯಿಲ್ಲ ಎಂದು ಆಕೆಯ ಕಣ್ಣು ತುಂಬಿತು. ಓಡಿಹೋಗಿ, ಮಳೆಗಾಲಕ್ಕೆಂದು ಮನೆಯಲ್ಲಿಟ್ಟಿದ್ದ ಒಣಮೀನನ್ನು ಬುಟ್ಟಿ ತುಂಬ ತಂದು ಅವ್ವನ ಉಡಿಗೆ ಹಾಕಿಬಿಟ್ಟಳು. ತಂಗಿಯ ತಲೆ ನೇವರಿಸಿ, ಒಳ್ಳೆಯದಾಗುತ್ತದೆ ಹೋಗು ಎಂದಳು.

ಉಡಿ ತುಂಬಿದ್ದನ್ನು ಚೆಲ್ಲಬಾರದು, ಮೀನು ಮುಟ್ಟಬಾರದು. ಅವ್ವ ಎರಡೂ ಕೈ ಮೇಲೆತ್ತಿಕೊಂಡು ಕಲ್ಲಾಗಿ ಕೂತಳು. ಮುಂದಿನ ಹಳ್ಳಿಯಲ್ಲಿ ಯಾರಿಗೋ ಕೊಟ್ಟು ಕೈಮುಗಿಯುವ ತನಕ ನಾನು, ಅಜ್ಜಿಗೆ ವಾಸನೆ ತಿಳಿಯದಿರಲೆಂದು, ಊದಿನಕಡ್ಡಿಯ ಕಟ್ಟನ್ನೆಲ್ಲ ಹಚ್ಚಿದೆ. ಎರಡೂ ವಾಸನೆ ಕೂಡಿ ಕಾಕಾ ಗಾಡಿ ನಿಲ್ಲಿಸಿ ಎರಡು ಸಲ ಕೆಳಗಿಳಿದ. ದೇವರ ಗೂಡಿನ ಕಡೆ ಮುಖ ಮಾಡಿ ಜಪಕ್ಕೆ ಕೂತಿದ್ದ ಅಜ್ಜಿ ಮಾತ್ರ ಮೂಗರಳಿಸಿ, "ಈ ಊದಿನಕಡ್ಡಿ ಎಲ್ಲೆ ತಂದಿ? ಛಲೋ ಘಾಟದ. ನಮ್ಮ ದೇವರಿಗೂ ನಾಕು ಹಚ್ಚು" ಎಂದಳು.

ಗೇಟು

ಭಾನುವಾರ ಮಧ್ಯಾಹ್ನ ಸ್ಟೇಷನ್ನಿನ ಸಿಗ್ನಲ್ ಕೈಕಂಬ ಕಣ್ಣಿಗೆ ಬಿತ್ತು. ಮಳೆಯೂ ಸ್ವಲ್ಪ ನಿಂತಿತ್ತು. ನಡುವೆ ಒಂದು ರೈಲ್ವೆ ಗೇಟು, ಅದು ಮುಚ್ಚಿತ್ತು. ಮೇಲ್ ರೈಲು ಬರುವುದಿತ್ತು. ಸೋಮವಾರದ ಮೊದಲು ಮುಟ್ಟಿದೆವಲ್ಲ ಎಂದು ಅಪ್ಪ ಮೊದಲ ಸಲ ನಕ್ಕ. ಅವನು ನಗಬಾರದಿತ್ತು.

ಆ ಕಾಲದಲ್ಲಿ ನಮ್ಮ ಮನೆಗಳ ವಿಧವೆಯರೆಲ್ಲ ಉಡುತ್ತಿದ್ದಂತೆ ಅಜ್ಜಿಯದೂ ಕೆಂಪು ಸೀರೆ. ಮೈಮೇಲಿದ್ದದ್ದು ಒಂದು, ಒಗೆದಿಟ್ಟ ಮಡಿ ಒಂದು. ಒಗೆದದ್ದು ಎರಡು ದಿನದಿಂದ ಒಣಗಿರಲಿಲ್ಲ. ಬೀಗರ ಮನೆಗೆ ಹೋದ ಮೇಲೆ ಒಣ ಮಡಿ ಇಲ್ಲದಿದ್ದರೆ ಅಲ್ಲಿ ನೀರೂ ಮುಟ್ಟುವಂತಿಲ್ಲ. ಬಿಸಿಲಿನ ಒಂದು ಎಳೆ ಕಂಡದ್ದೇ ತಡ, ಅಜ್ಜಿ ಸೀರೆಯನ್ನು ಮಡಿಕೋಲಿನ ತುದಿಗೆ ಏರಿಸಿ, ಕಿಟಕಿಯಿಂದ ಹೊರಗೆ ಹಳಿಯ ಕಡೆಗೆ ಚಾಚಿ ಹಿಡಿದಳು. ಗಾಳಿಗೆ ಅದು ಪಟಪಟ ಹಾರಿತು.

ಕಿರ್ರೆಂದು ಚಕ್ರ ಉಜ್ಜಿದ ಸದ್ದು. ಉದ್ದಕ್ಕೆ ಕೂಗು ಹಾಕುತ್ತಾ ಮೇಲ್ ಗೇಟಿನ ಮುಂದೆ ಬಂದು ನಿಂತುಬಿಟ್ಟಿತು.

ಸ್ಟೇಷನ್ನಿನಿಂದ ಬಿಳಿ ಕೋಟಿನ ಒಬ್ಬ ತರುಣ ಹಳಿಗುಂಟ ಓಡಿಬಂದ. ಅಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು. ಹಿಂದಿಯಲ್ಲಿ ಯಾರು ನಿಲ್ಲಿಸಿದವರು ಎಂದು ಗದರಿ, ನಮ್ಮ ಮಾತು ಕೇಳಿ ಕನ್ನಡಕ್ಕೆ ತಿರುಗಿದ. "ಇಲ್ಲೇ ಅಸಿಸ್ಟೆಂಟ್ ಮಾಸ್ತರರ ಮನಿಗೆ ಬಂದೀವಿ, ಹೆಣ್ಣು ತೋರಸಲಿಕ್ಕೆ" ಎಂದ ಕಾಕಾ. ತರುಣ ಟೊಪ್ಪಿಗೆ ಸರಿಮಾಡಿಕೊಂಡು, "ಅದು ನಾನೇ" ಎಂದ. ತಂಗಿ ಕಿಟಕಿಯಿಂದ ಹಿಂದೆ ಸರಿದಳು. ಅಪ್ಪ ಕಣ್ಣು ಮುಚ್ಚಿಕೊಂಡ.

"ಅಜ್ಜಿ, ಅದನ್ನ ಕೆಳಗಿಳಸ್ರಿ. ಮೇಲ್ ನಿಂತದ."

"ನಿಂತದಲ್ಲಾ, ನಿಂದರಲಿ. ಸೀರಿ ಒಣಗಲಿ."

"ಎಷ್ಟೊತ್ತು ಬೇಕ್ರಿ?"

"ಶ್ರಾವಣದಾಗ ಹ್ಯಾಂಗ ಹೇಳಲಿ? ನಾಳಿಗೆ ಆಗಬಹುದು."

ಎಂಜಿನ್ನು ಮತ್ತೆ ಕೂಗಿತು. ಡಬ್ಬಿಗಳಿಂದ ನೂರಾರು ತಲೆಗಳು ಹೊರಬಂದವು. ಹುಡುಗ ಕೋಲಿಗೆ ಕೈ ಹಾಕಿದ. "ಮುಟ್ಟಬ್ಯಾಡೋ, ಮಡಿ ಅದ" ಎಂದು ಅಜ್ಜಿ ಹೇಳುತ್ತಿದ್ದಂತೆಯೇ ಸೀರೆಯನ್ನು ಎಳೆದು ಬಗಲಲ್ಲಿ ಮುದ್ದೆಮಾಡಿ ಹಿಡಿದು, ಹಸಿರು ಬಾವುಟ ಬೀಸಿದ. ಮೇಲ್ ಹೋಯಿತು. ನಮ್ಮ ಮೂರನೆಯ ಸಂಬಂಧವೂ ಅದರ ಹಿಂದೆಯೇ ಹೋಯಿತೆಂದು ನನಗೆ ಅನಿಸಿತು.

ಹುಡುಗನ ಕ್ವಾರ್ಟರ್ಸು ಎಂದರೆ ಒಂದೇ ಕೋಣೆ, ಒಂದು ಪಡಸಾಲೆ. ಅಜ್ಜಿ ಪಡಸಾಲೆಯಲ್ಲಿ ಮಣೆ ಹಾಕಿಸಿಕೊಂಡು ಕೂತು, "ಆ ಹುಡುಗ ನಾ ಕೂತಲ್ಲೆ ಬರಬಾರದು" ಎಂದಳು. ಸೂರಿನಡಿ ಅಜ್ಜಿಯನ್ನು ದಾಟಿ ನಿಲ್ಲಲು ಜಾಗವಿರಲಿಲ್ಲ. ಹುಡುಗ ತನ್ನದೇ ಮನೆಯ ಅಂಗಳದಲ್ಲಿ ಧಾರಾಕಾರ ಮಳೆಯಲ್ಲಿ ನಿಂತ. ಅಲ್ಲಿಂದಲೇ ಹೆಣ್ಣು ನೋಡಿದ. ಅವನ ತಂದೆ, "ಏನಂತೀಯೋ?" ಎಂದು ಕೂಗಿ ಕೇಳಿದರು. ಮಳೆಯ ಸದ್ದಿನಲ್ಲಿ ಕೇಳಿಸದೆಂದು ಅವನು ಜೋರಾಗಿ ಗೋಣು ಹಾಕಿದ. ಅವರಿಗೆ ಒಪ್ಪಿಗೆಯಾಗಿತ್ತು. ಅವ್ವ ನಂಬಲಾರದೆ ನನ್ನ ಕೈ ಹಿಡಿದಳು.

ಆಗ ಎಲ್ಲರೂ ಅಜ್ಜಿಯ ಕಡೆ ನೋಡಿದರು.

"ಬ್ಯಾಡ" ಎಂದಳು ಅಜ್ಜಿ. "ಬ್ಯಾಡ ಅಂದ್ರೂ ಮಡಿ ಮುಟ್ಟಿದಾಂವ. ಇಂಥಾ ಮನಿಗೆ ನಾ ಕೂಸು ಕೊಡೂದುಲ್ಲ."

ಹುಡುಗನ ತಂದೆಯ ಮುಖ ಕೆಂಪಾಯಿತು. "ಹಂಗಾದ್ರ ನಾಳೆ ಮಲಾಡಿನವರಿಗೆ ಹೇಳಿಬಿಡತೀವಿ" ಎಂದರು. ಕಾಕಾ ಗಾಡಿಯ ಕೀಲಿಕೈ ಹುಡುಕತೊಡಗಿದ. ನಮ್ಮ ಹಣೆಬರಹವೇ ಇಷ್ಟು ಎಂದುಕೊಂಡೆ.

ಮೂರು ದಿನ ತುಟಿ ಬಿಚ್ಚದ ತಂಗಿ ಆಗ ಮಾತಾಡಿದಳು. ತಲೆ ತಗ್ಗಿಸಿಯೇ, ಮೆಲ್ಲಗೆ.

"ಅಜ್ಜಿ, ತಲಿಮ್ಯಾಲೆ ನೀರು ಬಿದ್ದು, ಉಟ್ಟ ಅರಿವಿ ಪೂರಾ ತೋಯ್ದು ಒದ್ದಿ ಆದ್ರ ಅದು ಮಡಿ ಅಲ್ಲೇನು? ನೀನೇ ಹೇಳಿಕೊಟ್ಟೀದಿ. ಅವರು ಸೀರಿ ಮುಟ್ಟಿದಾಗಿಂದ ಮಳ್ಯಾಗೇ ನಿಂತಾರ. ಸದ್ಯೇಕ ಈ ಮನ್ಯಾಗ ಅವರಷ್ಟು ಮಡೀಲೆ ಇದ್ದವರು ಯಾರೂ ಇಲ್ಲ."

ಅಜ್ಜಿ ಹುಡುಗನನ್ನು ನೆತ್ತಿಯಿಂದ ಪಾದದ ತನಕ ನೋಡಿದಳು. ಅವನ ಟೊಪ್ಪಿಗೆಯಿಂದ, ಮೂಗಿನಿಂದ, ಕೋಟಿನ ತುದಿಯಿಂದ ನೀರು ಇಳಿಯುತ್ತಿತ್ತು. ಅವನ ತಾಯಿ ಅಷ್ಟರಲ್ಲೇ ಒಣ ಟವೆಲು ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು.

"ಏ ಬೀಗತಿ," ಎಂದು ಅಜ್ಜಿ ಅವರನ್ನು ತಡೆದಳು, "ಅವನ್ನ ಒರಸಬ್ಯಾಡ್ರಿ. ಹಂಗೇ ಒಳಗ ಕರೀರಿ."