ಪುಟ್ಟಮಾದಪ್ಪನವರಿಗೆ ಒಂದು ನಿಮಿಷ ಮೌನ

ನಂಜನಗೂಡಿನ ನಮ್ಮ ಬಡಾವಣೆಯ ಹಿರಿಯ ನಾಗರಿಕರ ಸಂಘಕ್ಕೆ ಇತಿಹಾಸ ಬರೆದುಕೊಡಿ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆದರೆ ಜೀವಮಾನವೆಲ್ಲ ಚರಿತ್ರೆ ಪಾಠ ಹೇಳಿದ ಮೇಷ್ಟ್ರು ನಾನು. ಕೇಳಲಿ ಎಂದು ಕಾಯುವ ಅಭ್ಯಾಸವಿಲ್ಲ. ಕಾರ್ಯದರ್ಶಿಯಾದ ವಾರದಲ್ಲೇ ಬೀರು ತೆಗೆದು ಹಳೆಯ ಸದಸ್ಯರ ಪುಸ್ತಕ ಹಿಡಿದು ಕೂತೆ.

ಸ್ಥಾಪಕರು ಹನ್ನೊಂದು ಜನ. ಹನ್ನೊಂದು ಹೆಸರಿನ ಮೇಲೂ ಕೆಂಪು ಗೆರೆ. ಎಲ್ಲರೂ ತೀರಿಕೊಂಡಿದ್ದಾರೆಂದು ತೀರ್ಮಾನಿಸಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಒಂದು ಫೋನ್ ಮಾಡಿ ಕೇಳ್ಬಾರ್ದೇನ್ರೀ?" ಎಂದಳು ನನ್ನ ಹೆಂಡತಿ ಸರೋಜ.

"ಸತ್ತೋರಿಗೆ ಯಾರಾದ್ರೂ ಫೋನ್ ಮಾಡ್ತಾರೇನೇ?" ಎಂದು ಅವಳ ಬಾಯಿ ಮುಚ್ಚಿಸಿದೆ.

ವಾರ್ಷಿಕ ಸಭೆಯ ಮಧ್ಯಾಹ್ನ ಮೋಡ ಕವಿದಿತ್ತು, ಕರೆಂಟೂ ಹೋಗಿತ್ತು. ಬಂದವರೆಲ್ಲ ಇತ್ತೀಚೆಗೆ ಸೇರಿದ ಸದಸ್ಯರು. ಅರಳಿಕಟ್ಟೆಯಲ್ಲಿ ಪೇಪರ್ ಓದುತ್ತಿದ್ದ ಹನ್ನೊಂದು ಜನ ಸಂಘ ಕಟ್ಟಿದ್ದು, ಅವರಲ್ಲೊಬ್ಬರಾದ ಪುಟ್ಟಮಾದಪ್ಪನವರು ತಮ್ಮ ಸೈಟನ್ನೇ ಬಿಟ್ಟುಕೊಟ್ಟಿದ್ದು, ಹೆಂಚಿನ ಕೋಣೆ ಎದ್ದಿದ್ದು, ಶನಿವಾರಕ್ಕೊಮ್ಮೆ ಬಿ.ಪಿ. ನೋಡಲು ಶುರುವಾಗಿದ್ದು, ಎಲ್ಲವನ್ನೂ ಮುಕ್ಕಾಲು ಗಂಟೆ ಓದಿದೆ. ಕೊನೆಗೆ ಹನ್ನೊಂದು ಹೆಸರನ್ನೂ ಗಂಭೀರವಾಗಿ ಉಚ್ಚರಿಸಿ, ಅಗಲಿದ ಚೇತನಗಳಿಗಾಗಿ ಎಲ್ಲರನ್ನೂ ಕಣ್ಣು ಮುಚ್ಚಿಸಿ ನಿಲ್ಲಿಸಿದೆ.

ಬಾಗಿಲು ಕಿರ್ರೆಂದಿತು. ಊರುಗೋಲಿನ ಸದ್ದು ಟಕ್, ಟಕ್ ಎಂದು ಒಳಗೆ ಬಂತು. ಸದ್ದು ನನ್ನೆದುರೇ ನಿಂತಿತು. ಮುಖದ ಮೇಲೆ ಎಲೆಅಡಿಕೆ ವಾಸನೆಯ ಬಿಸಿ ಉಸಿರು. ಮೌನಾಚರಣೆಯ ನಡುವೆ ಕಾರ್ಯದರ್ಶಿ ಕಣ್ಣು ಬಿಡಬಾರದು. ಒಂದೇ ಕಣ್ಣು ಬಿಟ್ಟೆ.

ಗೋಡೆಯ ಮೇಲಿನ ಸ್ಥಾಪಕರ ಗ್ರೂಪ್ ಫೋಟೋದಲ್ಲಿ ಬಲತುದಿಗಿದ್ದ ಪುಟ್ಟಮಾದಪ್ಪನವರು ನನ್ನ ಮುಂದೆ ನಿಂತಿದ್ದರು. ಕೈಯಲ್ಲಿದ್ದ ಇತಿಹಾಸ ಕೆಳಗೆ ಬಿತ್ತು. ಅಧ್ಯಕ್ಷರು "ನಂಜುಂಡಾ, ಕಾಪಾಡಪ್ಪಾ" ಎನ್ನುತ್ತಾ ಮೇಜಿನ ಹಿಂದೆ ಸರಿದರು.

"ಎದ್ರುಕೋಬ್ಯಾಡಿ ಸಾ. ಮೂಗೂರಲ್ಲಿ ಮಗಳ ಮನೇಲಿವ್ನಿ. ಊರು ಬಿಟ್ಟೋರ್ಗೂ ಕೆಂಪು ಗೆರೆ ಎಳೀತಿದ್ದೊ. ನನ್ ಎಸ್ರಿನ ಗೆರೇನ ನಾನೇ ಎಳ್ಕಂಡು ಓಗಿದ್ದು."

ಬದುಕಿದ್ದವರ ಸಾವಿನ ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚುತ್ತದಂತೆ ಎಂದು ಏನೋ ಸಮಾಧಾನ ಹೇಳಿದೆ. ಅವರು ಕುರ್ಚಿಯಲ್ಲಿ ಕೂತು ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದರು.

"ಅದಿರ್ಲಿ. ಈ ಸಂಘದಲ್ಲಿ ನನ್ನ ನೆಪ್ಪು ಯಾರ್ಗಾರ ಅದಾ ಅಂತ ನೋಡಕ್ಕೇ ಬಸ್ ಅತ್ತಿ ಬಂದೆ. ಬಾಗ್ಲಲ್ಲಿ ನಿಂತು ಎಲ್ಲಾನೂ ಕೇಳ್ದೆ. ಜಾಗ ಕೊಟ್ಟೋನು ಸತ್ತೋದ ಅಂದ್ರಿ. ಒಬ್ರೂ ಲೊಚಗುಟ್ನಿಲ್ವಲ್ಲಾ ಸಾ."

ನಾನು ಕೆಳಗೆ ಬಿದ್ದಿದ್ದ ಇತಿಹಾಸ ಎತ್ತಿಕೊಂಡು, ಅಗಲಿದವರ ಪಟ್ಟಿಯಿಂದ ಅವರ ಹೆಸರು ಹೊಡೆದೆ. ಉಳಿದವರಿಗೆ ಮಾತ್ರ ಆಯಸ್ಸಿನ ಮಾತೊಂದೇ ಕಿವಿಗೆ ಬಿದ್ದಿತ್ತು. ಮುಂದಿನ ತಿಂಗಳ ಸಭೆಯ ಮೌನಾಚರಣೆಗೆ ಆರು ಜನ ಗಟ್ಟಿಮುಟ್ಟಾಗಿರುವವರೇ ಬಂದು ಅಗಲಿದವರ ಪಟ್ಟಿಯಲ್ಲಿ ಹೆಸರು ಬರೆಸಿದರು. ನಾನೂ ಕೊನೆಯಲ್ಲಿ ನನ್ನದೊಂದು ಸೇರಿಸಿ, ಸಭೆಯ ದಿನ ಓದಿ, ಕಣ್ಣು ಮುಚ್ಚಿದೆ. ಯಾರಾದರೂ ಒಬ್ಬರು ಬಿಕ್ಕಿಯಾರೆಂದು ಕಿವಿಗೊಟ್ಟು ನಿಂತೆ.

ಹಿಂದಿನ ಸಾಲಿನಿಂದ ಪಿಸುಮಾತು ಕೇಳಿಸಿತು: "ಸದ್ಯ, ಇನ್ಮೇಲೆ ಇತಿಹಾಸ ಓದೋರಿಲ್ಲ."