ತುಳಸಿದಾಸನ ಹೆಜ್ಜೆಗೊಂದು ಬೇಲಿ

ಕಾರವಾರ
ದಿನಾಂಕ: 12-11-2007

ಇಂದ:
ನಾಗಮ್ಮ ಕೋಂ ತುಳಸಿದಾಸ, ಮೀನು ವ್ಯಾಪಾರ,
ಮೊದಲು ಚೆಂಡಿಯಾ ಬದಿಯ ಕಡಲಂಚು, ಈಗ ಅಂಕೋಲಾ ತಾಲೂಕಿನ ಪುನರ್ವಸತಿ ಕಾಲನಿ.
(ಹೇಳಿದ್ದು ಆಕೆ, ಬರೆದದ್ದು ಕಚೇರಿ ಎದುರಿನ ಅರ್ಜಿ ಬರಹಗಾರ ಜಟ್ಟಪ್ಪ)

ಗೆ:
ಹಳೆಯ ಹೆಜ್ಜೆಗಳನ್ನು ಕಾಪಾಡುವ ಅಧಿಕಾರಿಗಳು,
ಅಂಥವರೊಬ್ಬರು ಈ ಜಿಲ್ಲೆಯಲ್ಲಿ ಇದ್ದರೆ.

ವಿಷಯ: ಎಡಗಾಲಿನ ಹೆಜ್ಜೆ ಒಂದಕ್ಕೆ ಬೇಲಿ ಮತ್ತು ಕಾವಲುಗಾರನನ್ನು ಒದಗಿಸುವ ಬಗ್ಗೆ.

ಉಲ್ಲೇಖ: ಈ ಮೊದಲು ಕೊಟ್ಟ ಅರ್ಜಿಗಳು. ಅವು ಮೇಲಿನವರ ಟೇಬಲ್ಲಿನಲ್ಲಿವೆ ಎಂದು ಕೆಳಗಿನವರು, ಕೆಳಗೇ ಇವೆ ಎಂದು ಮೇಲಿನವರು ಹೇಳುತ್ತಾರೆ.

ಮಾನ್ಯರೇ,

ಅರ್ಜಿದಾರಳ ಪರವಾಗಿ ತಮ್ಮ ಗಮನಕ್ಕೆ ತರುವುದೇನೆಂದರೆ:

1. ಸದರಿ ನಾಗಮ್ಮ, ಮಹಿಳಾ ಸಂಘದವರ ಜೊತೆ ದ್ವಾರಕೆಗೆ ಹೋದಾಗ, ಬಸ್ಸಿನವನು ದಾರಿಯಲ್ಲಿ ಡೈನೊಸಾರ್ ಹೆಜ್ಜೆಗಳ ಉದ್ಯಾನವೊಂದರಲ್ಲಿ ಎಲ್ಲರನ್ನೂ ಇಳಿಸಿದ. ಬಂಡೆಯಲ್ಲಿ ಮೂಡಿದ ಪಾದ ಕಂಡರೆ ಯಾರದು ಎಂದು ವಿಚಾರಿಸುವ ಪದ್ಧತಿ ಈ ಕಡೆಯ ಹೆಂಗಸರಲ್ಲಿ ಇಲ್ಲ. ಆಕೆ ಚಪ್ಪಲಿ ಬಿಟ್ಟು, ಬೇಲಿ ದಾಟಿ, ಹೆಜ್ಜೆಗೆ ಕುಂಕುಮ ಇಟ್ಟು, ದ್ವಾರಕೆಗೆಂದು ತಂದಿದ್ದ ತೆಂಗಿನಕಾಯಿಯನ್ನು ಅಲ್ಲೇ ಒಡೆದಳು.

2. ಕಾವಲುಗಾರ ಓಡಿಬಂದು ಬೈದ. ಅವನ ಹಿಂದಿಗೂ ಇವಳ ಕೊಂಕಣಿಗೂ ನಡೆದ ಮಾತಿನ ಕನ್ನಡ ಸಾರಾಂಶ:

"ಇದು ದೇವರಲ್ಲ, ಪ್ರಾಣಿ. ಸತ್ತು ಆರು ಕೋಟಿ ವರ್ಷ ಆಯ್ತು."

"ಹೌದಾ? ಎಂತ ಮಾಡಿತ್ತು ಅದು?"

"ಹಸಿ ಮಣ್ಣಲ್ಲಿ ನಡೆದು ಹೋಗಿತ್ತು."

"ಬರೇ ನಡ್ದದ್ದಾ? ಅಷ್ಟಕ್ಕೇ ಬೇಲಿ, ನಿಂಗೆ ಪಗಾರ?"

"ಹೌದು."

"ನಮ್ಮನೆಯವ್ರೂ ನಡ್ದಿದ್ರಲ್ಲ ಮಾರಾಯಾ," ಎಂದು ಆಕೆ ಅಲ್ಲೇ ಕೂತು ಅತ್ತಳು. ಕಾವಲುಗಾರ ದಂಡ ಹಾಕುವುದನ್ನು ಬಿಟ್ಟು ಕುಡಿಯಲು ನೀರು ಕೊಟ್ಟ.

3. ಕಾರಣ ಏನೆಂದರೆ, ಗಂಡ ತುಳಸಿದಾಸ ಬಲೆ ಒಣಗಿಸುವ ಕಟ್ಟೆಗೆ ಸಿಮೆಂಟು ಹಾಕಿಸಿದ ದಿನವೇ ದೋಣಿಗೆ ತಡವಾಯಿತೆಂದು ಬರಿಗಾಲಲ್ಲೇ ಹಸಿ ಸಿಮೆಂಟು ತುಳಿದು ಓಡಿದ. "ಕಣ್ಣು ಕಾಣ್ತಿಲ್ವಾ?" ಎಂದು ಈಕೆ ಕೂಗಿದ್ದಕ್ಕೆ, "ಬಂದು ಸಾಪು ಮಾಡ್ತೆ ಬಿಡೇ," ಎಂದ. ಬರಲಿಲ್ಲ. ದೋಣಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಆದ್ದರಿಂದ ಸಾಪು ಮಾಡುವ ಕೆಲಸ ಬಾಕಿ ಇದೆ. ಆದ ಕಾರಣ ಹೆಜ್ಜೆ ಇದೆ. ಅವನ ಮೈಯದು ಎಂದು ಉಳಿದದ್ದು ಅದೊಂದೇ. ಈಕೆಗೆ ಅದು ಬೇಕು.

4. ಕೇರಿಯ ಜಾಗ ನೌಕಾನೆಲೆ ಯೋಜನೆಗೆ ಹೋಗುವಾಗ ಅಳೆಯಲು ಬಂದ ಸಾಹೇಬರು ಹೆಜ್ಜೆ ನೋಡಿ "ಕಾಮಗಾರಿ ಕಳಪೆ" ಎಂದು ಷರಾ ಬರೆದು ಪರಿಹಾರ ಕಡಿಮೆ ಮಾಡಿದರು. ಈಗ ನೌಕಾನೆಲೆಯ ಗೇಟಿನೊಳಗೆ ಈಕೆಯನ್ನು ಬಿಡುವುದಿಲ್ಲ. ಒಳಗೆ ಯಾರಿದ್ದಾರೆ ಎಂದು ಕೇಳುತ್ತಾರೆ. ಗಂಡ ಎಂದರೆ ಅವನ ಗುರುತಿನ ಚೀಟಿ ಕೇಳುತ್ತಾರೆ. ಬರುವ ಸೋಮವಾರ ಆ ಕಟ್ಟೆ ಒಡೆಯಲು ಬುಲ್ಡೋಜರ್ ಬರುತ್ತದೆ.

ಆದ್ದರಿಂದ, ಡೈನೊಸಾರಿಗೆ ಕೊಟ್ಟ ಸೌಲಭ್ಯವನ್ನೇ ಸದರಿ ಹೆಜ್ಜೆಗೂ ಕೊಡಬೇಕು. ಆಗದಿದ್ದರೆ ಅಷ್ಟು ಸಿಮೆಂಟನ್ನು ಕತ್ತರಿಸಿ ಒಯ್ಯಲು ಬಿಡಬೇಕು. ಹೊರಲು ಆಳು ಬೇಡ, ಮೀನಿನ ಬುಟ್ಟಿ ಹೊತ್ತ ತಲೆ ಆಕೆಯದು.

ತಮ್ಮ ವಿಶ್ವಾಸಿ,
ನಾಗಮ್ಮ (ಎಡಗೈ ಹೆಬ್ಬೆಟ್ಟು)

ಲಗತ್ತು:
ಉದ್ಯಾನದ ಟಿಕೇಟು.
ತುಳಸಿದಾಸನ ಎಡಗಾಲಿನ ಚಪ್ಪಲಿ, ಹೆಜ್ಜೆಗೆ ಇಟ್ಟು ನೋಡಲು. ನೋಡಿ ವಾಪಸ್ ಕೊಡಬೇಕು.
ಮರಣ ಪತ್ರ ಇಲ್ಲ. ಹೆಣ ತಂದರೆ ಕೊಡುತ್ತೇವೆ ಎಂದಿದ್ದಾರೆ.

ವಿ.ಸೂ.: ಹೆಜ್ಜೆ ಆರು ಕೋಟಿ ವರ್ಷ ಹಳೆಯದಾಗಿಯೇ ಇರಬೇಕೆಂಬುದು ನಿಯಮವಾದರೆ ಆಕೆಯ ಆಕ್ಷೇಪಣೆ ಏನೂ ಇಲ್ಲ. ಅಲ್ಲಿಯವರೆಗೆ ಬುಲ್ಡೋಜರ್ ನಿಲ್ಲಿಸಿಟ್ಟಿರಬೇಕಾಗಿ ಕೋರಿಕೆ.