ಹದಿನೆಂಟು ಗೇರು, ಒಂದು ಹೊರೆ ಹುರುಳಿ

ಸೈಕಲ್ ಆರಿಸುವುದು ವಿಜ್ಞಾನದ ಕೆಲಸ ಎಂದು ನಾನು ನಂಬಿದ್ದೆ. ಏಕೆಂದರೆ ನಾನು ಬಿ.ಎಸ್ಸಿ. ಓದಿದವನು, ಕುಣಿಗಲ್‌ನ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಘರ್ಷಣೆಯ ಪಾಠ ಹೇಳುವವನು!

ನಮ್ಮೂರು ಕೊತ್ತಗೆರೆಯ ಹತ್ತಿರ. ಅಲ್ಲಿಂದ ಶಾಲೆಗೆ ಬರಲು ಇದ್ದದ್ದು, ಕುಣಿಗಲ್ ಮೇಲೆ ತುಮಕೂರಿಗೆ ಹೋಗುವ ಒಂದೇ ಪ್ರೈವೇಟ್ ಬಸ್ಸು. ಅದು ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಿತ್ತು. ಮನೆಯಿಂದ ಇನ್ನೂ ಹೊರಡದವರಿಗೂ ಕಾಯುತ್ತಿತ್ತು. ವಾರಕ್ಕೆ ನಾಲ್ಕು ದಿನ ನಾನು ಲೇಟು. ಕೊನೆಗೆ ಹೆಡ್‌ಮಾಸ್ಟರು, "ಸೋಮವಾರ ಪ್ರಾರ್ಥನೆಗೆ ಇರ್ಲಿಲ್ಲ ಅಂದ್ರೆ ನಿಮ್ಮ ಹತ್ತನೇ ಕ್ಲಾಸು ಬೇರೆಯವ್ರಿಗೆ ಕೊಡ್ತೀನಿ ಕಣ್ರೀ" ಎಂದರು. ಹತ್ತನೇ ಕ್ಲಾಸು ಹೋದ ಮೇಲೆ ಮೇಷ್ಟರಿಗೆ ಊರಿನಲ್ಲಿ ಉಳಿಯುವುದೇನು?

ಶನಿವಾರ ಮಧ್ಯಾಹ್ನವೇ ತುಮಕೂರಿಗೆ ಹೋದೆ.

"ಹಳ್ಳಿ ರೋಡಿಗೆ ಈ ಕರೀ ಸೈಕಲ್ಲೇ ಸರಿ ಸಾರ್. ಕ್ಯಾರಿಯರ್ ಐತೆ, ಸ್ಟ್ಯಾಂಡ್ ಐತೆ" ಎಂದ ಅಂಗಡಿಯವನು.

ನಾನು ಅವನನ್ನು ಕರುಣೆಯಿಂದ ನೋಡಿ, ಹದಿನೆಂಟು ಗೇರಿನ ಕೆಂಪು ಸೈಕಲ್ ಕೊಂಡೆ. ಜೊತೆಗೆ ತೂತು ತೂತಿನ ಹೆಲ್ಮೆಟ್ಟು, ಹ್ಯಾಂಡಲ್ಲಿಗೆ ಕನ್ನಡಿ, ಪ್ಯಾಂಟಿಗೆ ಕ್ಲಿಪ್ಪು.

ಹೆಂಡತಿ ರತ್ನ ಸೈಕಲ್ಲಿಗೆ ಒಂದು ಸುತ್ತು ಬಂದಳು. "ಏನ್ರೀ, ಕ್ಯಾರಿಯರ್ರೇ ಇಲ್ವಲ್ರೀ! ರಾಗಿ ಮೂಟೆನ ಮಿಲ್ಲಿಗೆ ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ?"

"ಇದು ವೇಗದ ಸೈಕಲ್ ಕಣೇ!"

"ಈ ಬುಟ್ಟಿ?"

"ಹೆಲ್ಮೆಟ್ಟು!"

ಸೋಮವಾರ ಬಸ್ಸಿಗಿಂತ ಮೊದಲೇ ಹೊರಟೆ. ಎರಡು ಮೈಲಿ ಗಾಳಿಯಲ್ಲಿ ತೇಲಿದಂತಿತ್ತು. ಆಮೇಲೆ ಹುರುಳಿ ಬಂತು.

ಸುಗ್ಗಿಯಲ್ಲಿ ನಮ್ಮ ಕಡೆ ಹುರುಳಿ ಗಿಡವನ್ನು ಟಾರು ರಸ್ತೆಗೇ ಹರಡುತ್ತಾರೆ. ಬಸ್ಸು, ಲಾರಿಗಳ ಚಕ್ರಗಳೇ ಒಕ್ಕಣೆ ಮಾಡಿಕೊಡುತ್ತವೆ. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುವುದು ವಾಡಿಕೆ.

ರಸ್ತೆ ಬದಿಯಲ್ಲಿ ಕಾವಲಿಗೆ ಕೂತಿದ್ದ ಅಜ್ಜಿ ಕೂಗಿದಳು: "ಇಳ್ಕಳಪ್ಪಾ ಮೇಷ್ಟ್ರೇ! ಸಿಕ್ಕಾಕ್ಕತೀಯ!"

ಹದಿನೆಂಟು ಗೇರಿನವನು ಇಳಿಯುವುದೇ? ಘರ್ಷಣೆಯ ನಿಯಮಗಳನ್ನು ಸ್ಮರಿಸಿ, ಗೇರು ಬದಲಿಸಿ, ಹುರುಳಿಯೊಳಗೆ ನುಗ್ಗಿದೆ. ಬಳ್ಳಿಗಳು ಹಿಂದಿನ ಗೇರಿನ ಹಲ್ಲುಗಳಿಗೆ ಹಗ್ಗದಂತೆ ಸುತ್ತಿಕೊಂಡವು. ಪೆಡಲು ನಿಂತಿತು. ನಾನು ನಿಲ್ಲಲಿಲ್ಲ.

ರಸ್ತೆಯ ನಟ್ಟನಡುವೆ ಅಂಗಾತ ಬಿದ್ದಿದ್ದೆ. ಪಕ್ಕದಲ್ಲೇ ಸೈಕಲ್ಲಿನ ಕನ್ನಡಿ. ಅದರ ಉಪಯೋಗ ಆಗ ತಿಳಿಯಿತು: ನನ್ನ ಮೇಲೆ ಬರುತ್ತಿರುವ ಬಸ್ಸನ್ನು ಬಹಳ ಸ್ಪಷ್ಟವಾಗಿ ತೋರಿಸಿತು! ಬ್ರೇಕು ಕಿರುಚಿತು. ಹುರುಳಿಯ ಮೇಲೆ ಬಸ್ಸು ಜಾರುತ್ತ ಜಾರುತ್ತ ಬಂದು, ನನ್ನ ಹೆಲ್ಮೆಟ್ಟಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಬಂಪರಿನಲ್ಲಿ ಐದು ಬೋಲ್ಟು. ಆರನೆಯದರ ಜಾಗ ಖಾಲಿ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಬೋಲ್ಟುಗಳನ್ನು ಎಣಿಸುತ್ತೇನೆ.

"ಅಯ್ಯಯ್ಯೋ!" ಎಂದು ಅಜ್ಜಿ ಓಡಿ ಬಂದಳು. ನನ್ನ ಕಣ್ಣು ತುಂಬಿತು. "ಏಳಪ್ಪಾ, ಕಾಳೆಲ್ಲಾ ನಿನ್ ಬೆನ್ನ್ ಕೆಳಗೈತೆ!"

ಡ್ರೈವರು ಇಳಿದ. "ಏನ್ ಸಾರ್, ದಿನಾ ಬಸ್ಸೊಳಗೆ ಕೂರ್ತಿದ್ರಿ, ಇವತ್ತ್ಯಾಕ್ ಸಾರ್ ಅಡೀಗ್ ಬರ್ತೀರಾ?"

ಕಂಡಕ್ಟರು ಸೈಕಲ್ಲನ್ನು ಹುರುಳಿ ಸಮೇತ ಟಾಪಿಗೆ ಏರಿಸಿದ, ನನ್ನನ್ನು ಸೀಟಿಗೆ. ಗಾಬರಿಯಲ್ಲಿ ಡ್ರೈವರು, ಕೈ ತೋರಿಸಿದ ಯಾರಿಗೂ ನಿಲ್ಲಿಸದೆ, ಸೀದಾ ಶಾಲೆಯ ಗೇಟಿಗೇ ತಂದು ಇಳಿಸಿದ. ಹೆಲ್ಮೆಟ್ಟಿನ ಸಮೇತ ಒಳಗೆ ಓಡಿದೆ. ಪ್ರಾರ್ಥನೆಗೆ ಇನ್ನೂ ಹತ್ತು ನಿಮಿಷವಿತ್ತು!

ಹೆಡ್‌ಮಾಸ್ಟರು ನನ್ನ ಹೆಲ್ಮೆಟ್ಟು ನೋಡಿ ಅರಳಿದರು. ಹತ್ತನೇ ಕ್ಲಾಸು ಉಳಿಯಿತು. "ಸೈಕಲ್ ತಗೊಂಡ್ರಾ? ನೋಡ್ರೋ ಮಕ್ಕಳಾ, ಮನಸ್ಸು ಮಾಡಿದ್ರೆ ಮನುಷ್ಯ ಹೆಂಗೆ ಟೈಮಿಗೆ ಬರ್ತಾನೆ! ಎಲ್ಲಿ ಮೇಷ್ಟ್ರೇ ಸೈಕಲ್ಲು, ತೋರ್ಸಿ."

ನಾನು ಗೇಟಿನ ಕಡೆ ತಿರುಗಿದೆ. ಬಸ್ಸು ಇರಲಿಲ್ಲ. ನನ್ನ ವೇಗದ ಸೈಕಲ್ಲು ಅದರ ತಲೆಯ ಮೇಲೆ ಮಲಗಿ, ಒಂದು ಗೇರನ್ನೂ ಬದಲಿಸದೆ, ವಾಪಸ್ ತುಮಕೂರಿಗೆ ಹೊರಟಿತ್ತು!